ಬೆಳ್ಳಕ್ಕಿಗಳ ನಡುವೆ ಒಂದು ಎಮ್ಮೆ

ನನಗೆ ಕುಣಿಯಲು ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಜ್ಜಿ ದಾಂಡೇಲಿಯಲ್ಲಿ ಮಕ್ಕಳಿಗೆ ಬ್ಯಾಲೆ ಕಲಿಸುತ್ತಿದ್ದಳು ಎಂದು ನನ್ನ ಮೊಮ್ಮಕ್ಕಳು ಊರೆಲ್ಲ ಡಂಗುರ ಹೊಡೆಯುತ್ತಾರೆ. ಕಲಿಸಿದವರು ಕಾಗದದ ಮಿಲ್ಲಿನ ಇಂಜಿನಿಯರ್ ಸಾಹೇಬರ ಹೆಂಡತಿ, ಮುಂಬಯಿ ಕಡೆಯ ಪಾರ್ಸಿ ಬಾಯಿ. ಅವರ ಹಿಂದಿಯನ್ನು ಮಕ್ಕಳಿಗೆ ಕನ್ನಡದಲ್ಲಿ ಹೇಳುವುದಷ್ಟೇ ನನ್ನ ಕೆಲಸ. ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಮಾತು. ನನಗೆ ಹತ್ತೊಂಬತ್ತು ವರ್ಷ, ಮ್ಯಾಟ್ರಿಕ್ ಪಾಸು, ಮೈಕಟ್ಟು ಜೋಳದ ಚೀಲದ್ದು.

ಶನಿವಾರ ಮಧ್ಯಾಹ್ನ ಕ್ಲಬ್ಬಿನ ಹಾಲಿನಲ್ಲಿ ಹನ್ನೆರಡು ಮಕ್ಕಳು ಸೇರುತ್ತಿದ್ದವು, ಎಲ್ಲ ಐದಾರು ವರ್ಷದವು. "ಮಂದಿ ಮಕ್ಕಳನ್ನ ಕುಣಸಾಕ ಹೊಂಟಿಯೇನ?" ಎಂದು ಅವ್ವ ಕೇಳಿದಾಗ, "ಡ್ರಿಲ್ ಬೇ" ಎಂದಿದ್ದೆ. ಆಮೇಲೆ ಓಣಿಯ ತಾಯಂದಿರಿಗೆಲ್ಲ ಅದು ಡ್ರಿಲ್ಲೇ ಆಯಿತು.

ಬಾಯಿ ಒಂದು-ಎರಡು ಎಣಿಸುತ್ತಲೇ ಇರಲಿಲ್ಲ. ಮಗು ಏನಾದರೂ ಆಗಬೇಕು, ಆಮೇಲೆ ಕಾಲು ತಾನೇ ಕಲಿಯುತ್ತದೆ ಎನ್ನುತ್ತಿದ್ದರು. ಬೆನ್ನು ಬಗ್ಗದಂತೆ ಮಂಡಿ ಮಡಿಸಲು ಅವರೇನೋ ಹೇಳಿದರು, ಮಕ್ಕಳಿಗೆ ತಿಳಿಯಲಿಲ್ಲ. "ತಲಿ ಮ್ಯಾಲ ತುಂಬಿದ ಕೊಡ ಐತಿ, ನೆಲದಾಗ ಬಳಿ ಬಿದ್ದೈತಿ, ನೀರು ಚೆಲ್ಲದಂಗ ಎತ್ತಿಕೊಳ್ರಿ" ಎಂದೆ. ಹನ್ನೆರಡೂ ನೆಟ್ಟಗೆ ಕೆಳಗಿಳಿದವು. ತುದಿಗಾಲಲ್ಲಿ ನಿಲ್ಲಿಸಲು, ಕೈಗೆಟುಕದ ಕೊಂಬೆಯಿಂದ ಕವಳಿಹಣ್ಣು ಕೀಳಿಸಿದೆ. ಬಾಯಿ ಬೆರಗಾದರು. ನಾನಂತೂ ಅವತ್ತು ಮನೆಗೆ ನಡೆದು ಹೋಗಲಿಲ್ಲ, ತೇಲಿಕೊಂಡು ಹೋದೆ. ಮಿಕ್ಕ ಆರು ದಿನ ರೊಟ್ಟಿ ಬಡಿಯುತ್ತ ಶನಿವಾರಕ್ಕೆ ಏನು ಹೇಳಲಿ ಎಂದೇ ಯೋಚಿಸುತ್ತಿದ್ದೆ.

ಅಷ್ಟರಲ್ಲಿ ಅಪ್ಪ ನನಗೆ ಗಂಡು ಹುಡುಕಲು ಶುರು ಮಾಡಿದ. ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದ ಅವನಿಗೆ ಸಡಿಲವಾದದ್ದನ್ನು ಬಿಗಿ ಮಾಡದಿದ್ದರೆ ನಿದ್ದೆ ಹತ್ತುತ್ತಿರಲಿಲ್ಲ. ಹಳಿಯಾಳದ ಕಡೆಯ ಒಕ್ಕಲುತನದ ಮನೆ, ಹೊಲ, ಎಂಟು ಎಮ್ಮೆ. ಮದುವೆಯಾದರೆ ನನ್ನ ಶನಿವಾರಗಳು ಮುಗಿದವು. ನನಗೆ ಮದುವೆ ಬೇಡವೆಂದಲ್ಲ, ಆದರೆ ಶನಿವಾರ ಬೇಕಾಗಿತ್ತು. ಅಪ್ಪನೆದುರು ಹಾಗೆ ಬಾಯಿ ಬಿಟ್ಟು ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ಕ್ಲಬ್ಬಿನ ವಾರ್ಷಿಕ ಕಾರ್ಯಕ್ರಮಕ್ಕೆ ಮಕ್ಕಳು ಹಂಸಗಳಾಗಬೇಕೆಂದು ಬಾಯಿ ನಿಶ್ಚಯಿಸಿದರು. "ಎಲ್ಲಾರೂ ಹಂಸ ಆಗ್ರಿ" ಎಂದೆ. ಹನ್ನೆರಡೂ ಓಡಿ ಬಂದು ನನ್ನ ಪಕ್ಕದಲ್ಲಿ ಕತ್ತು ನಿಗುರಿಸಿ ಅಲುಗಾಡದೆ ಕೂತವು. ಬಾಯಿ ಗ್ರಾಮಾಫೋನ್ ತಿರುಗಿಸಿದರೂ ಒಂದೂ ಏಳಲಿಲ್ಲ. ಕಡೆಗೆ ಹೊಳೆಯಿತು. ನಮ್ಮೂರಲ್ಲಿ ಹಂಸ ಇದ್ದದ್ದು ಸರಸ್ವತಿಯ ಪಟದಲ್ಲಿ ಮಾತ್ರ. ಅಲ್ಲಿ ಅದು ದೇವಿಯ ಪಕ್ಕ ಕೂತಿರುತ್ತದೆ. ಜೋಳದ ಚೀಲವನ್ನು ಸರಸ್ವತಿ ಮಾಡಿದ್ದವು ಪಾಪದ ಮಕ್ಕಳು.

ಹಂಸ ಬಿಟ್ಟು ಬೆಳ್ಳಕ್ಕಿ ಆಗಿರೆಂದೆ. ತಕ್ಷಣ ಕಾಲೆತ್ತಿ ಗದ್ದೆಯಲ್ಲಿ ನಡೆದ ಹಾಗೆ ನಡೆದವು. ಅಷ್ಟರಲ್ಲಿ ಎಲ್ಲರಿಗಿಂತ ಚಿಕ್ಕವಳು ನಿಂತು, "ಎಮ್ಮಿ ಎಲ್ಲೈತ್ರಿ ಅಕ್ಕೋರ? ಎಮ್ಮಿ ಇಲ್ಲದ ಬೆಳ್ಳಕ್ಕಿ ಎಲ್ಲಿ ಕುಂದ್ರಬೇಕು?" ಎಂದು ಕೇಳಿದಳು. ಉಳಿದ ಹನ್ನೊಂದೂ ನನ್ನನ್ನು ನೋಡಿದವು. ಬಾಯಿ ಕೂಡ ನೋಡಿದರು. ಯಾರೂ ಎಲುವಿನ ಹಂದರದಂತಿದ್ದ ಬಾಯಿಯನ್ನು ನೋಡಲಿಲ್ಲ.

ಎಮ್ಮೆ ಆಗುವುದೆಂದರೆ ತಮಾಷೆಯಲ್ಲ. ಹದಿನೈದು ದಿನ ಗೌಳಿಗರ ಕೊಟ್ಟಿಗೆಯ ಎದುರು ನಿಂತು ಎಮ್ಮೆಗಳನ್ನು ನೋಡಿದೆ. ಕಿವಿ ಹೇಗೆ ಬಡಿಯುತ್ತವೆ, ಕರೆದರೆ ಎಷ್ಟು ಹೊತ್ತು ಬಿಟ್ಟು ತಿರುಗುತ್ತವೆ ಎಂದು. ಹಾಲು ಕೊಳ್ಳದೆ ನಿಂತ ನನ್ನನ್ನು ಕಂಡು ಅವರು ಕೊನೆಗೆ, "ಏನ್ ಕಳ್ಕೊಂಡೀಯವ್ವ?" ಎಂದು ಕೇಳಿದರು.

ಕಾರ್ಯಕ್ರಮದ ದಿನವೇ ಹಳಿಯಾಳದವರು ಕನ್ಯೆ ನೋಡಲು ಬಂದರು. ಅಪ್ಪ ನನಗೆ ಮನೆಯಲ್ಲೇ ಇರು ಎಂದ. "ಸಾಹೇಬರ ಬಾಯಿ ಸಿಟ್ಟಾಗ್ತಾರ" ಎಂದೆ. ಅಪ್ಪ ತಣ್ಣಗಾದ. ಬಂದ ಮುದುಕಿ, ವರನ ತಾಯಿ, "ನಡ್ರಿ, ನಾವೂ ನೋಡೂಣು" ಎಂದು ಸೆರಗು ಕೊಡವಿ ಎದ್ದೇಬಿಟ್ಟಳು. ನನ್ನ ಎದೆ ಕುಣಿಯಿತು. ನಾಲ್ಕು ಮಂದಿಯ ಮುಂದೆ ನಾಲ್ಕು ಕಾಲಿನ ಮೇಲೆ ನಡೆಯುವ ಸೊಸೆ ಯಾರಿಗೆ ಬೇಕು? ಶನಿವಾರ ಉಳಿಯಿತು ಎಂದುಕೊಂಡೆ.

ಬೆನ್ನಿಗೆ ಕರಿ ಕಂಬಳಿ ಹೊದ್ದು ರಂಗಕ್ಕೆ ಬಂದು ಮನಸ್ಸಿಟ್ಟು ಎಮ್ಮೆಯಾದೆ. ಕಿವಿ ಬಡಿದೆ, ಮೆಲುಕು ಹಾಕಿದೆ, ಮಲಗಿದೆ, ಎದ್ದೆ. ಬಿಳಿ ಫ್ರಾಕಿನ ಹನ್ನೆರಡು ಬೆಳ್ಳಕ್ಕಿಗಳು ತುದಿಗಾಲಲ್ಲಿ ಸುತ್ತುವರಿದವು. ಚಿಕ್ಕವಳು ಬೆನ್ನೇರಿ ಕೂತಳು. ಮುಂದಿನ ಸಾಲಿನಲ್ಲಿ ಅಪ್ಪ ತಲೆ ಎತ್ತಲೇ ಇಲ್ಲ.

ಮುಗಿದ ಮೇಲೆ ಮುದುಕಿ ಒಳಗೆ ಬಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಎಲ್ಲಾ ಬರೋಬ್ಬರಿ ಮಾಡಿದಿ. ಒಂದ ತಪ್ಪು. ಎಮ್ಮಿ ಏಳುವಾಗ ಮೊದಲ ಹಿಂದಿನ ಕಾಲು ಎತ್ತತೈತಿ. ನೀ ಮುಂದಿನವು ಎತ್ತಿದಿ."

ನಾನು ತಲೆ ತಗ್ಗಿಸಿದೆ. ಹದಿನೈದು ದಿನ ನೋಡಿದರೂ ಏಳುವುದನ್ನು ನೋಡಿರಲಿಲ್ಲವಲ್ಲ ಎಂದು ನಿಜವಾಗಿಯೂ ನಾಚಿಕೆಯಾಯಿತು.

ಆಕೆ ಹಿಂದೆಯೇ ಬಂದ ಅಪ್ಪನ ಕಡೆ ತಿರುಗಿ, "ನಮ್ಮ ಮೂರು ಸೊಸ್ತ್ಯಾರು ದಿನಾ ಹಾಲು ಹಿಂಡ್ತಾರ್ರಿ. ಒಬ್ಬಾಕಿನೂ ಎಮ್ಮಿ ಮಾರಿ ನೋಡಿಲ್ಲ. ಈಕಿ ನೋಡ್ಯಾಳ. ಮುಹೂರ್ತ ಇಡಸ್ರಿ" ಎಂದಳು.

ಅತಿ ಜಾಣೆ ಆಗಲು ಹೋಗಿ ನನ್ನ ಕಾಲಿಗೆ ನಾನೇ ಕೊಡಲಿ ಹಾಕಿಕೊಂಡಿದ್ದೆ. ಕೆಟ್ಟದಾಗಿ ಎಮ್ಮೆಯಾಗಿದ್ದರೆ ಉಳಿಯುತ್ತಿದ್ದೆ. ಆದರೆ ಬಾಯಿ ನನಗೆ ಕೆಟ್ಟದಾಗಿ ಆಗುವುದನ್ನು ಕಲಿಸಿರಲಿಲ್ಲ.

ಕೊನೆಯ ಶನಿವಾರ ಮಕ್ಕಳಿಗೆ ತಪ್ಪೊಪ್ಪಿಕೊಂಡೆ. ಎಮ್ಮೆ ಏಳುವ ಸರಿಯಾದ ರೀತಿ ತೋರಿಸಿದೆ. ಹನ್ನೊಂದು ಮಕ್ಕಳು ಕುಂಡಿ ಮೇಲೆತ್ತಿ ನಗುತ್ತ ಎದ್ದವು. ಚಿಕ್ಕವಳು ಮಾತ್ರ ಏಳಲಿಲ್ಲ.

"ಮುಂದಿನ ಶನಿವಾರ ಎಮ್ಮಿ ಯಾರ್ರಿ ಅಕ್ಕೋರ?"

ಆಕೆ ಕೇಳಿದ್ದನ್ನು ಬಾಯಿಗೆ ಹಿಂದಿಯಲ್ಲಿ ಹೇಳಬೇಕಾದವಳು ನಾನೇ, ಹೇಳಲಾಗಲಿಲ್ಲ. ಬಾಯಿ ನನ್ನ ಮುಖ ನೋಡಿದರು, ಆ ಹುಡುಗಿಯ ಮುಖ ನೋಡಿದರು. ಆಮೇಲೆ ಕಂಬಳಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ತಮ್ಮ ಒಣ ಬೆನ್ನಿಗೆ ಹೊದ್ದು ನೆಲದ ಮೇಲೆ ಮಲಗಿದರು. ಮೆಲ್ಲಗೆ, ಹಿಂದಿನ ಕಾಲು ಮೊದಲು ಎತ್ತಿ, ಎದ್ದರು.