ಚಿಗವ್ವನ ಗುಳಿಗೆ ಡಬ್ಬಿ

ಹೊಟ್ಟೆ ಸರಿಹೋಗಿ ಎರಡು ದಿನವಾಯಿತು. ಡಾಕ್ಟರು ಬರೆದುಕೊಟ್ಟ ಗುಳಿಗೆಗಳಲ್ಲಿ ಇನ್ನೂ ಮೂರು ಉಳಿದಿವೆ. ಬೆಳಿಗ್ಗೆ ಅವನ್ನು ಎತ್ತಿಡಲು ಕೈ ತಾನಾಗಿ ಮೇಜಿನ ಖಾನೆಗೆ ಹೋಯಿತು. ನಗಬೇಡಿ, ಹಾಗೆ ಎತ್ತಿಡಬಾರದೆಂದು ಚೆನ್ನಾಗಿ ಗೊತ್ತಿರಬೇಕಾದ ಉದ್ಯೋಗ ನನ್ನದು: ರೋಣ, ನರಗುಂದ, ಗಜೇಂದ್ರಗಡದ ಸಂತೆಗಳಿಂದ ಹಸಿ ತಪ್ಪಲು, ಅಂದರೆ ಸೊಪ್ಪು, ತಂದು, ಅದರಲ್ಲಿರುವ ಬ್ಯಾಕ್ಟೀರಿಯಾ ಯಾವ ಔಷಧಿಗೆ ಸಾಯುತ್ತದೆ, ಯಾವುದಕ್ಕೆ ಜಗ್ಗುವುದಿಲ್ಲ ಎಂದು ಪ್ರಯೋಗಾಲಯದಲ್ಲಿ ನೋಡುವುದು. ತಲೆ ಅಲ್ಲಿಯದು, ಕೈ ಮಾತ್ರ ಇನ್ನೂ ಚಿಗವ್ವನ ಮನೆಯದು.

ಚಿಗವ್ವ ನನ್ನ ಅವ್ವನ ತಂಗಿ. ಗಜೇಂದ್ರಗಡದಲ್ಲಿ ಸೀರೆ ನೇಯುವ ಮನೆ. ಅಲ್ಲಿ ಗೇಣುದ್ದದ ನೂಲನ್ನೂ ಎಸೆಯುವುದಿಲ್ಲ. ಹರಿದ ಎಳೆಗೆ ಗಂಟು ಹಾಕಲು ಬೇಕಾದೀತೆಂದು ಮಗ್ಗದ ಪಕ್ಕದ ತಗಡಿನ ಡಬ್ಬಿಗೆ ಸೇರಿಸುತ್ತಾರೆ. ಉಳಿದ ಗುಳಿಗೆಗಳೂ ಅದೇ ಡಬ್ಬಿಗೆ ಸೇರುತ್ತಿದ್ದವು. ಓಣಿಯಲ್ಲಿ ಯಾರಿಗೆ ಹೊಟ್ಟೆ ಕೆಟ್ಟರೂ ಚಿಗವ್ವ ನೂಲು ಸರಿಸಿ, ಹುಡುಕಿ ಕೊಡುತ್ತಿದ್ದಳು.

"ಎರಡ ನುಂಗು, ಸಾಕು. ಆರಾಮಾದ ಮ್ಯಾಲೆ ಯಾಕ ಹಾಳ ಮಾಡ್ತಿ?"

ಧಾರವಾಡದಲ್ಲಿ ಓದುವಾಗ ನಾನೂ ಉಳಿದ ಗುಳಿಗೆಗಳನ್ನು ಅವಳಿಗೆ ತಂದುಕೊಡುತ್ತಿದ್ದೆ, ಪೇಢೆ ತಂದಷ್ಟೇ ಹೆಮ್ಮೆಯಿಂದ. ಓದುತ್ತಿದ್ದದ್ದು ಸೂಕ್ಷ್ಮಜೀವಿ ವಿಜ್ಞಾನ. ಅದನ್ನೂ ಹೇಳಿಬಿಡುತ್ತೇನೆ.

ಒಂದು ಬೇಸಿಗೆಯಲ್ಲಿ ಚಿಗವ್ವನೇ ಮಲಗಿದಳು. ರೊಟ್ಟಿಯ ಜೊತೆ ಹಸಿ ಹಕ್ಕರಕಿ ಸೊಪ್ಪು ತಿಂದಿದ್ದಳು. ಮರುದಿನದಿಂದ ಭೇದಿ, ಜ್ವರ. ಮೂರು ದಿನ ಡಬ್ಬಿಯ ಗುಳಿಗೆಗಳನ್ನೇ ನುಂಗಿದಳಂತೆ. ನಾಲ್ಕನೆಯ ದಿನ ನಾನು ಹೋದಾಗ ನೀರು ಕುಡಿಯಲೂ ತಲೆ ಎತ್ತಲಾರದೆ ಬಿದ್ದುಕೊಂಡಿದ್ದಳು. ಉಳಿಯುತ್ತಾಳೋ ಇಲ್ಲವೋ ಎಂದು ಹೆದರಿ ದವಾಖಾನೆಗೆ ಸೇರಿಸಿದೆವು. ಪರೀಕ್ಷೆಯ ವರದಿ ಬಂದ ಮೇಲೆ ಡಾಕ್ಟರು, "ನೀವು ನುಂಗಿದ ಗುಳಿಗಿ ಈ ಕ್ರಿಮಿಗೆ ನಾಟೂದಿಲ್ರಿ" ಎಂದು ಔಷಧಿ ಬದಲಿಸಿದರು.

ಕ್ರಿಮಿ ಸೊಪ್ಪಿನಲ್ಲೇ ಗಟ್ಟಿಯಾಗಿ ಬಂದಿತ್ತೋ, ನಮ್ಮ ಡಬ್ಬಿ ಅದನ್ನು ಗಟ್ಟಿ ಮಾಡಿತ್ತೋ, ಇಂದಿಗೂ ಹೇಳಲಾರೆ. ಆದರೆ ಅವಳು ನುಂಗಿದ್ದು ನಾನು ತಂದ ಗುಳಿಗೆಗಳನ್ನು. ಜ್ವರ ಇಳಿದ ದಿನ ಮಂಚದ ಪಕ್ಕ ಕೂತು, ಗುಳಿಗೆ ಅರ್ಧಕ್ಕೇ ಬಿಟ್ಟರೆ ಸಾಯದೆ ಉಳಿದ ಕ್ರಿಮಿ ಆ ಔಷಧಿಗೆ ಜಗ್ಗದಂತಾಗಬಹುದು ಎಂದು ಎಲ್ಲ ವಿವರಿಸಿದೆ.

"ನಾ ನೂಲ ಕೂಡಿಟ್ಟಂಗ ಇವನ್ನೂ ಕೂಡಿಟ್ನಿ. ನೀ ಕಲತಾಕಿ. ನೀನರ ಯಾಕ ಹೇಳಲಿಲ್ಲ?"

ಸಿಟ್ಟಿರಲಿಲ್ಲ, ತಿಳಿಯಬೇಕೆಂದೇ ಕೇಳಿದ್ದಳು. ನಾಚಿಕೆಯಾಗಿ, ನೀರು ತರುವ ನೆಪದಲ್ಲಿ ಎದ್ದು ಹೋದೆ.

ಈ ಬೆಳಿಗ್ಗೆ ಖಾನೆ ಮುಚ್ಚಿ, ಗುಳಿಗೆ ನುಂಗಿ, ಚಿಗವ್ವನಿಗೆ ಫೋನ್ ಮಾಡಿದೆ. ಬರೆದುಕೊಟ್ಟಷ್ಟನ್ನೂ ಮುಗಿಸುತ್ತೇನೆಂದು ಹೇಳಿದೆ.

"ಚಲೋ ಆತು. ನನ್ನ ಡಬ್ಬ್ಯಾಗ ಈಗ ಬರೇ ನೂಲ ಅದ" ಎಂದಳು. ಆಮೇಲೆ, "ಹೊಟ್ಟಿ ಕೆಟ್ಟದ್ದ ಹ್ಯಾಂಗ? ತಪ್ಪಲಾ ತೊಳದ ತಿಂದಿದ್ದಿಲ್ಲೋ?" ಎಂದು ಕೇಳಿದಳು.

ಈ ಸಲ ನೆಪ ಹುಡುಕಲಿಲ್ಲ.

"ಇಲ್ಲ ಚಿಗವ್ವ, ತೊಳದಿದ್ದಿಲ್ಲ."