ಅಮ್ಮನ ತಲೆಯ ಮೇಲಿನ ಆಣೆ

ಶಾಲೆ, ಅಂಗನವಾಡಿ, ಡೇ ಕೇರ್‌ಗಳಿಗೆ ಹೋಗಿ ಪುಟ್ಟ ಮಕ್ಕಳಿಗೆ ತಮ್ಮನ್ನು ತಾವು ಕಾಪಾಡಿಕೊಳ್ಳುವುದನ್ನು ಹೇಳಿಕೊಡುವುದು ನನ್ನ ಕೆಲಸ. ಮನೆ ಅರಸೀಕೆರೆಯಲ್ಲಿ. ಬೆಳಗಿನ ಬಸ್ಸು ಹಿಡಿದು ಒಂದು ದಿನ ಬೇಲೂರಿನ ಕಡೆ, ಇನ್ನೊಂದು ದಿನ ಹಳೇಬೀಡಿನ ಕಡೆ ಹೋಗುತ್ತೇನೆ. ಜೊತೆಗೊಂದು ಚೀಲ, ಅದರಲ್ಲಿ ಹಳೆಯ ಸೀರೆಯಿಂದ ಹೊಲಿದ ಗೊಂಬೆ. ಶುರುವಿನಲ್ಲಿ ನಮ್ಮತ್ತೆ, "ಎಳೇ ಮಕ್ಕಳ ಮುಂದೆ ಇಂಥದ್ದೆಲ್ಲ ಆಡ್ತಾರೇನೇ? ಇಲ್ಲದ ಭಯ ಹುಟ್ಟಿಸಿದ ಹಾಗಾಗುತ್ತೆ" ಎಂದು ಗೊಣಗುತ್ತಿದ್ದರು. ಈಗ ಗೊಂಬೆಯ ಹೊಲಿಗೆ ಬಿಚ್ಚಿಕೊಂಡರೆ ಅವರೇ ಸೂಜಿ ಹುಡುಕುತ್ತಾರೆ.

ಹಳೇಬೀಡಿನ ಕಡೆಯ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಒಂದು ದಿನ ನನ್ನ ಪಾಠವಿತ್ತು. ಗೊಂಬೆಯನ್ನು ಹಿಡಿದು, ಬಟ್ಟೆ ಮುಚ್ಚುವ ಜಾಗವನ್ನು ಯಾರೂ ಮುಟ್ಟಬಾರದು, ಮುಟ್ಟಿದರೆ "ಬೇಡ" ಎಂದು ಕೂಗಬೇಕು, ಓಡಬೇಕು, ನಂಬಿಕೆಯ ದೊಡ್ಡವರಿಗೆ ಹೇಳಬೇಕು ಎಂದೆ. ಮಕ್ಕಳು "ಬೇಡ" ಎಂದು ಹೆಂಚು ಹಾರಿಹೋಗುವಂತೆ ಕೂಗಿದರು. ಗುಟ್ಟಿನಲ್ಲಿ ಎರಡು ಥರ, ಖುಷಿ ಕೊಡುವ ಗುಟ್ಟು, ಹೊಟ್ಟೆಯೊಳಗೆ ಸಂಕಟ ಕೊಡುವ ಗುಟ್ಟು, ಎರಡನೆಯದನ್ನು ಯಾವತ್ತೂ ಬಚ್ಚಿಡಬಾರದು ಎಂದೂ ಹೇಳಿದೆ. ಪಾಠ ಮುಗಿಯಿತು. ಮಕ್ಕಳು ಅಂಗಳಕ್ಕೆ ಓಡಿದರು.

ಗೊಂಬೆಯನ್ನು ಚೀಲಕ್ಕೆ ಹಾಕುತ್ತಿದ್ದೆ. ಒಂದನೇ ಕ್ಲಾಸಿನ ಹುಡುಗಿಯೊಬ್ಬಳು ಬಂದು ಮೇಜಿನ ತುದಿಯನ್ನು ಉಗುರಿನಿಂದ ಕೆರೆಯುತ್ತ ನಿಂತಳು.

"ಮಿಸ್, ಆಣೆ ಮಾಡಿದ್ರೂ ಹೇಳ್ಬೋದಾ?"

"ಎಂಥ ಆಣೆ ಪುಟ್ಟಾ?"

"ಅಮ್ಮನ ತಲೆ ಮೇಲೆ. ಮಾಲೇಕಲ್ಲು ದೇವ್ರ ಫೋಟೋ ಮುಟ್ಟಿ. ಹೇಳಿದ್ರೆ ಅಮ್ಮ ಸತ್ತೋಗ್ತಾರೆ."

ನನ್ನ ಕೈ ಚೀಲದೊಳಗೇ ನಿಂತಿತು. ನಮ್ಮ ಕಡೆ ದೊಡ್ಡವರೇ ಆಣೆಗೆ ಹೆದರುತ್ತಾರೆ. ಆರು ವರ್ಷದ ಮಗುವಿಗೆ ಏನು ಹೇಳಲಿ? ಹೆದರಿಸಿ ಮಾಡಿಸಿದ ಆಣೆ ಆಣೆಯೇ ಅಲ್ಲ, ಅದು ಯಾರಿಗೂ ತಟ್ಟುವುದಿಲ್ಲ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು.

"ನಿಮಗೆ ಹೆಂಗೆ ಗೊತ್ತು? ದೇವ್ರು ಹೇಳಿದ್ರಾ?"

ಫೋಟೋ ಎಲ್ಲಿದೆ ಎಂದಷ್ಟೇ ಕೇಳಿದೆ. ಅವಳು ಕಿಟಕಿಯ ಹೊರಗೆ ನೋಡಿದಳು. ಗೇಟಿನ ಹತ್ತಿರ ಶಾಲೆಯ ವ್ಯಾನು ನಿಂತಿತ್ತು. ಡ್ರೈವರು ಒದ್ದೆ ಬಟ್ಟೆಯಿಂದ ಮುಂದಿನ ಗಾಜನ್ನು ಒರೆಸುತ್ತಿದ್ದ. ಗಾಜಿನ ಒಳಗೆ ಹೂ ಮುಡಿಸಿದ ದೇವರ ಫೋಟೋ ಇತ್ತು.

ಮಗುವನ್ನು ಕೆದಕಿ ಕೇಳಬಾರದು, ನಾವೇ ಮಾತು ಹೇಳಿಕೊಡಬಾರದು ಎಂದು ನಮಗೆ ತರಬೇತಿಯಲ್ಲಿ ಕಲಿಸಿದ್ದಾರೆ. ಮುಂದೆ ಕೇಳಲಿಲ್ಲ. "ನೀನು ನನ್ನ ಹತ್ರ ಬಂದಿದ್ದು ಒಳ್ಳೇದಾಯ್ತು" ಎಂದು ಅವಳನ್ನು ಕರೆದುಕೊಂಡು ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹೋದೆ. ಅವಳನ್ನು ಬಾಗಿಲ ಬಳಿ ಶಾಲೆಯ ಆಯಮ್ಮನ ಪಕ್ಕ ಕೂರಿಸಿ, ಅವಳು ಹೇಳಿದ್ದನ್ನೂ ವ್ಯಾನಿನ ಕಡೆ ನೋಡಿದ್ದನ್ನೂ ಒಳಗೆ ತಿಳಿಸಿದೆ.

ಮುಖ್ಯೋಪಾಧ್ಯಾಯಿನಿ ಐವತ್ತು ದಾಟಿದ ಗಟ್ಟಿ ಹೆಂಗಸು. ನನ್ನ ಮಾತು ಕೇಳಿ ಅವರ ಮುಖ ಬಿಳಿಚಿಕೊಂಡಿತು.

"ಅವನು ಹಾಗಲ್ಲ ಕಣ್ರೀ. ನನ್ನ ಮಗಳನ್ನೂ ಅವನೇ ಕರ್ಕೊಂಡು ಹೋಗಿ ಬಿಡ್ತಿದ್ದ. ಮಗು ಏನೋ ಆಣೆ ಅಂತು, ಫೋಟೋ ಅಂತು. ಅಷ್ಟಕ್ಕೇ ಒಬ್ಬನ ಬದುಕು ಹಾಳು ಮಾಡೋದಾ? ಇವತ್ತು ಕಳಿಸಿಬಿಡೋಣ. ನಾಳೆ ನಿಧಾನವಾಗಿ ವಿಚಾರಿಸೋಣ."

"ಸುಳ್ಳಾಗಿದ್ರೆ ನಾನೇ ಹೋಗಿ ಅವನ ಹತ್ರ ಕೈ ಮುಗೀತೀನಿ ಮೇಡಮ್. ನಿಜ ಆಗಿದ್ರೆ? ಇವತ್ತು ಆ ವ್ಯಾನಲ್ಲಿ ಎಷ್ಟು ಮಕ್ಕಳು ಹತ್ತುತ್ತಾರೆ?"

ಹೊರಗೆ ಬೆಲ್ಲು ಹೊಡೆಯಿತು. ವ್ಯಾನಿನಲ್ಲಿ ಹೋಗುವ ಹುಲಿಕೆರೆ ಕಡೆಯ ಮಕ್ಕಳು ಬ್ಯಾಗು ಹೊತ್ತು ಗೇಟಿನತ್ತ ಓಡುವ ಸದ್ದು ಕೇಳಿತು. ಅವರು ಧಡಕ್ಕನೆ ಎದ್ದು ಅಂಗಳಕ್ಕೆ ಹೋಗಿ, "ಯಾರೂ ವ್ಯಾನ್ ಹತ್ತಬೇಡಿ, ಡ್ಯಾನ್ಸ್ ಪ್ರಾಕ್ಟೀಸ್ ಇದೆ, ಎಲ್ಲರೂ ಒಳಗೆ ಬನ್ನಿ" ಎಂದು ಕೂಗಿದರು. ಅವರ ದನಿ ನಡುಗಿದ್ದು ನನಗೆ ಕೇಳಿಸಿತು. ಅವನಿಗೂ ಕೇಳಿಸಿತೇನೋ.

ಅವನು ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ನಡೆದು ಬಂದ. "ಯಾಕ್ ಮೇಡಮ್? ಬೆಳಿಗ್ಗೆ ಹೇಳ್ಲೇ ಇಲ್ಲ. ಟೈಮಾಗೈತೆ, ಮಕ್ಳುನ್ನ ಕಳ್ಸಿ. ಮನೇಲಿ ಕಾಯ್ತಿರ್ತಾರೆ."

"ಮನೆಯವರೇ ಬಂದು ಕರ್ಕೊಂಡು ಹೋಗ್ತಾರೆ. ನೀನು ಹೊರಡು" ಎಂದರು ಅವರು.

ಅವನು ಹೊರಡಲಿಲ್ಲ. ನಗುತ್ತಲೇ ಇದ್ದ. ಕಣ್ಣು ಮಾತ್ರ ಒಂದೊಂದೇ ಮಗುವನ್ನು ದಾಟಿ, ಬಾಗಿಲ ಬಳಿ ಇದ್ದ ಹುಡುಗಿಯ ಮೇಲೆ ಬಂದು ನಿಂತಿತು. "ಏನ್ ಕಂದ, ಮುಂದಿನ ಸೀಟು ಬ್ಯಾಡ್ವಾ ಇವತ್ತು?" ಎಂದ. ಹುಡುಗಿ ಎದ್ದು ಬಂದು ನನ್ನ ಸೆರಗಿನ ಹಿಂದೆ ನಿಂತಳು. ಅವಳ ಬೆರಳುಗಳು ನನ್ನ ಸೀರೆಯ ನೆರಿಗೆಯನ್ನು ಹಿಡಿದ ರೀತಿಯಲ್ಲೇ ನನಗಿದ್ದ ಅರೆಮನಸ್ಸು ಹೋಯಿತು. ನಾನು ಅವನ ಎದುರಿಗೆ ಹೋಗಿ ನಿಂತೆ. ಅವನು ನನ್ನನ್ನು ಒಮ್ಮೆ ನೋಡಿ, ಹೋಗಿ ಖಾಲಿ ವ್ಯಾನು ಹತ್ತಿದ.

ವ್ಯಾನು ರಸ್ತೆ ತಿರುಗುತ್ತಿದ್ದಂತೆ ನನಗೆ ಇನ್ನೊಂದು ಹೆದರಿಕೆ ಹತ್ತಿತು. ಇವನು ಊರು ಬಿಟ್ಟರೆ? ಹೆತ್ತವರಿಗೆ ಮೊದಲು ಏನಾದರೂ ಕತೆ ಕಟ್ಟಿ ಹೇಳಿದರೆ? ಮಕ್ಕಳ ಸಹಾಯವಾಣಿಗೆ ಫೋನು ಮಾಡಿದೆ. ಹುಡುಗಿ ಹೇಳಿದ್ದನ್ನು ಅವಳದೇ ಮಾತಿನಲ್ಲಿ ತಿಳಿಸಿದೆ. ಅವರು ಪೊಲೀಸರಿಗೆ ತಿಳಿಸುತ್ತೇವೆ, ಮಗುವನ್ನು ಬಿಟ್ಟು ಎಲ್ಲೂ ಹೋಗಬೇಡಿ ಎಂದರು. ಮುಖ್ಯೋಪಾಧ್ಯಾಯಿನಿ ಒಂದೊಂದೇ ಮನೆಗೆ ಫೋನು ಮಾಡುತ್ತಿದ್ದರು. ತೆಂಗಿನ ತೋಟದಿಂದ ಮಣ್ಣುಗಾಲಿನಲ್ಲೇ ಬಂದ ಅಪ್ಪನೊಬ್ಬ, "ವ್ಯಾನಿಗೆ ದುಡ್ಡು ಇಸ್ಕೊಂಡು ನಮ್ಮನ್ನೇ ಓಡಾಡಿಸ್ತೀರಲ್ರೀ" ಎಂದು ಕೂಗಾಡಿ ಮಗನನ್ನು ಬೈಕಿನ ಮೇಲೆ ಕೂರಿಸಿಕೊಂಡು ಹೋದ.

ಹುಡುಗಿಯ ಅಮ್ಮ ಬೇಲೂರಿನಲ್ಲಿ ಕಚೇರಿ ಕೆಲಸದಲ್ಲಿದ್ದರು. ಸ್ಕೂಟರಿನಲ್ಲಿ ಬಂದವರು ಹೆಲ್ಮೆಟ್ಟನ್ನೂ ತೆಗೆಯದೆ ಒಳಗೆ ನುಗ್ಗಿದರು. ಅವರನ್ನು ಪಕ್ಕಕ್ಕೆ ಕರೆದು, ಮಗಳು ಏನೋ ಹೇಳಬೇಕು ಅಂತಿದ್ದಾಳೆ, ನಿಮ್ಮ ಮೇಲೆ ಆಣೆ ಹಾಕಿಸಿದ್ದಾರೆ, ಹೇಳಿದರೆ ನೀವು ಸಾಯುತ್ತೀರಿ ಎಂದು ನಂಬಿದ್ದಾಳೆ ಎಂದೆ. ಅವರು ಅಳುತ್ತಾರೆ, ಇಲ್ಲವೇ ನನ್ನ ಮೇಲೆ ರೇಗುತ್ತಾರೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಹೆಲ್ಮೆಟ್ಟು ತೆಗೆದು ನೆಲಕ್ಕಿಟ್ಟರು. ಮಗಳ ಮುಂದೆ ಮಂಡಿಯೂರಿ ಕುಳಿತು, ಅವಳ ಕೈಯೆತ್ತಿ ತಮ್ಮ ನೆತ್ತಿಯ ಮೇಲೆ ಇಟ್ಟುಕೊಂಡರು.

"ಇಲ್ಲೇ ಇದೀನಿ ಕಣೇ. ಕೈ ತೆಗೀಬೇಡ. ಈಗ ಹೇಳು. ಏನಾಗುತ್ತೆ ಅಂತ ಇಬ್ರೂ ನೋಡೋಣ."

ಹುಡುಗಿ ಒಂದು ಮಾತು ಹೇಳಿ ನಿಲ್ಲಿಸಿ, ಬಗ್ಗಿ ಅಮ್ಮನ ಮುಖ ನೋಡಿದಳು. ಅಮ್ಮ ಕಣ್ಣು ಮಿಟುಕಿಸಿದರು. ಮಗು ಇನ್ನೊಂದು ಮಾತು ಹೇಳಿತು, ಮತ್ತೆ ನೋಡಿತು. ಪ್ರತಿ ಮಾತಿಗೂ ಹೀಗೇ, ಅಮ್ಮ ಉಸಿರಾಡುತ್ತಿದ್ದಾರೆಯೇ ಎಂದು ಖಾತ್ರಿ ಮಾಡಿಕೊಂಡು ಮುಂದಕ್ಕೆ. ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಅದು ಅವಳದು. ಮುಗಿಸಿದ ಮೇಲೆ ಅವಳು, "ಅಮ್ಮ, ನೀನು ಸಾಯ್ಲಿಲ್ಲ" ಎಂದಳು. ಅಲ್ಲಿಯವರೆಗೆ ಕಲ್ಲಿನಂತೆ ಕೂತಿದ್ದ ತಾಯಿ ಮಗಳನ್ನು ಬಾಚಿ ತಬ್ಬಿಕೊಂಡು ಅತ್ತರು. ಮುಖ್ಯೋಪಾಧ್ಯಾಯಿನಿ ಗೋಡೆಯ ಕಡೆ ತಿರುಗಿಕೊಂಡರು.

ಡ್ರೈವರು ಊರು ಬಿಟ್ಟಿರಲಿಲ್ಲ. ತನ್ನನ್ನು ಯಾರೂ ಏನೂ ಮಾಡಲಾರರು ಎಂಬ ಧೈರ್ಯವೋ ಏನೋ, ಸಂಜೆ ಮನೆಯ ಜಗುಲಿಯ ಮೇಲೇ ಪೊಲೀಸರಿಗೆ ಸಿಕ್ಕಿದನಂತೆ. ಮಾರನೆಯ ದಿನ ಮಹಿಳಾ ಪೊಲೀಸ್ ಅಧಿಕಾರಿಯೊಬ್ಬರು ಸಾದಾ ಸೀರೆಯುಟ್ಟು ಹುಡುಗಿಯ ಮನೆಗೇ ಹೋಗಿ, ಅವಳ ಪಕ್ಕ ಚಾಪೆಯ ಮೇಲೆ ಕುಳಿತು ಹೇಳಿಕೆ ಪಡೆದರು. ಮುಖ್ಯೋಪಾಧ್ಯಾಯಿನಿ ನನ್ನೊಡನೆ ಠಾಣೆಗೆ ಬಂದರು. ಮೆಟ್ಟಿಲು ಹತ್ತುವಾಗ ನನ್ನ ತೋಳು ಹಿಡಿದು, "ನನ್ನ ಮಗಳಿಗೆ ರಾತ್ರಿ ಫೋನ್ ಮಾಡಿ ಕೇಳ್ದೆ ಕಣ್ರೀ. ಏನೂ ಇಲ್ಲಮ್ಮ ಅಂದ್ಲು. ನಿಜಾನೇ ಇರ್ಬೇಕು, ಅಲ್ವಾ?" ಎಂದರು. ನಾನು ಅವರ ಕೈ ಹಿಡಿದು ಮೆಟ್ಟಿಲು ಹತ್ತಿಸಿದೆ.

ಆ ವಾರದೊಳಗೆ ಇನ್ನೊಂದು ಮನೆಯವರೂ ಮಗಳನ್ನು ಕರೆದುಕೊಂಡು ಠಾಣೆಗೆ ಹೋದರು. ಆದರೂ ಊರಿನಲ್ಲಿ ಕೆಲವರು, ಮಕ್ಕಳ ತಲೆಗೆ ಇಲ್ಲದ್ದನ್ನೆಲ್ಲ ತುಂಬಿದ್ದು ಆ ಅರಸೀಕೆರೆ ಹೆಂಗಸು ಎಂದರು. ಎರಡು ಶಾಲೆಯವರು ಸದ್ಯಕ್ಕೆ ಬರಬೇಡಿ ಎಂದು ಫೋನು ಮಾಡಿದರು. ಅವತ್ತು ಕೂಗಾಡಿದ ತೋಟದ ಅಪ್ಪನೂ ಒಂದು ದಿನ ಫೋನು ಮಾಡಿದ. ಬೈಗುಳಕ್ಕೆ ಸಿದ್ಧಳಾಗಿಯೇ ಎತ್ತಿದೆ. "ನಮ್ಮೂರ ಅಂಗನವಾಡಿಗೂ ಬನ್ನಿ ಮೇಡಮ್. ನಾನೇ ಬಸ್ ಸ್ಟ್ಯಾಂಡಿಗೆ ಬತ್ತೀನಿ ಕರ್ಕೊಂಡೋಗಾಕೆ" ಎಂದ. ಕೇಸು ಇನ್ನೂ ನಡೆಯುತ್ತಿದೆ. ಹುಡುಗಿ ಅದೇ ಶಾಲೆಯಲ್ಲಿ ಓದುತ್ತಿದ್ದಾಳೆ, ಅಮ್ಮನ ಸ್ಕೂಟರಿನಲ್ಲಿ ಬರುತ್ತಾಳೆ. ಮೊದಲಿನ ಹಾಗೆ ನಿದ್ದೆ ಮಾಡುತ್ತಿಲ್ಲ ಎಂದು ತಾಯಿ ಹೇಳುತ್ತಾರೆ. ಈಚೆಗೆ ಸ್ವಲ್ಪ ವಾಸಿಯಂತೆ.

ಹೋದ ತಿಂಗಳು ಬೇಲೂರಿನ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಪಾಠ ಮುಗಿಸಿ ಹೊರಡುವಾಗ ಹಿಂದಿನಿಂದ ಯಾರೋ ಸೆರಗು ಜಗ್ಗಿದರು. ತಿರುಗಿದರೆ ಒಬ್ಬ ಚೋಟುದ್ದದ ಪೋರ. ಕಣ್ಣಲ್ಲಿ ನೀರು ತುಂಬಿತ್ತು. ಇನ್ನೊಂದು ಆಣೆಯೇ ಎಂದುಕೊಂಡೆ. ಕೆಳಗೆ ಕುಳಿತು, ದನಿಯನ್ನು ಆದಷ್ಟು ಮೆತ್ತಗೆ ಮಾಡಿ, "ಹೇಳು ಕಂದ" ಎಂದೆ.

"ಮಿಸ್, ಒಂದಕ್ಕೆ ಹೋಗ್ಬೇಕು. ತುಂಬಾ ಅರ್ಜೆಂಟು."

ಅವನು ಓಡಿಹೋದ. ನಾನು ಅಲ್ಲೇ ನೆಲದ ಮೇಲೆ ಕುಳಿತು, ಅವನು ಚಡ್ಡಿ ಸರಿಮಾಡಿಕೊಳ್ಳುತ್ತ ವಾಪಸು ಬರುವವರೆಗೂ ಏಳಲಿಲ್ಲ.