ಪಂಕ್ತಿಯಲ್ಲಿ ಹೊಸ ಸೊಸೆಯ ಶ್ಲೋಕ

ಹೊಸನಗರದ ನೆಂಟರ ಮನೆಗೆ ನಾನು ಹೋದದ್ದು ಊಟದ ಆಸೆಗಲ್ಲ. ಬೇರೆ ಜಾತಿಯ ಸೊಸೆ ಬಂದ ಮೇಲೆ ಅತ್ತೆ ಸಾವಿತ್ರಿ ಅವಳ ಹತ್ರ ಮಾತೇ ಆಡಿಲ್ಲವಂತೆ, ಕಣ್ಣಾರೆ ನೋಡಬೇಕಿತ್ತು.

ಪಂಕ್ತಿಯಲ್ಲಿ ಒಬ್ಬೊಬ್ಬರೇ ಶ್ಲೋಕ ಹೇಳುತ್ತಿದ್ದರು. ನಾನೇ ಕೆಣಕಿದೆ, "ಹೊಸ ಸೊಸೆದೂ ಒಂದು ಆಗ್ಲಿ."

ಹುಡುಗಿ ರಾಗವಾಗಿ ಶುರು ಮಾಡಿ ಅರ್ಧಕ್ಕೇ ತಡವರಿಸಿದಳು. ಎಲ್ಲರೂ ಉಣ್ಣೋದು ಬಿಟ್ಟು ಅವಳನ್ನೇ ನೋಡಿದರು. ಬಡಿಸುತ್ತಿದ್ದ ಸಾವಿತ್ರಿ ಸೌಟು ಹಿಡಿದುಕೊಂಡೇ ಮುಂದಿನ ಸಾಲು ಹಾಡಿದಳು. ಇಬ್ಬರೂ ಸೇರಿ ಮುಗಿಸಿದರು.

"ಯಾರೇ ಕಲಿಸಿದ್ದು?" ಅಂತ ಸೊಸೆಯನ್ನು ಕೇಳಿದೆ.

"ಅತ್ತೆ ಪೂಜೆಗೆ ಕೂತಾಗ ಹೇಳ್ತಾರಲ್ಲ ಅಜ್ಜಿ, ಬಾಗಿಲ ಹೊರಗೆ ನಿಂತು ಕೇಳ್ತೀನಿ. ಅರ್ಥ ಗೊತ್ತಿಲ್ಲ."

"ಅರ್ಥ ನಂಗೂ ಗೊತ್ತಿಲ್ಲ," ಅಂದಳು ಸಾವಿತ್ರಿ, "ನಾಳೆಯಿಂದ ಒಳಗೆ ಬಂದು ಕೂತ್ಕೊ."

ಸಾಗರಕ್ಕೆ ವಾಪಸು ಬಂದ ಕೂಡಲೇ ಅಕ್ಕಪಕ್ಕದವರು "ಎಂತ ಸುದ್ದಿ?" ಅಂತ ಮುತ್ತಿಕೊಂಡರು. ಸಾರಿಗೆ ಉಪ್ಪು ಜಾಸ್ತಿಯಾಗಿತ್ತು ಅಂದೆ. ಏನಾದರೂ ಹೇಳಬೇಕಲ್ಲ.